ಟೇಪಿನ ತುದಿ ಹಿಡಿದವಳು

ಜನವರಿ 9

ಅಕ್ಕಾ,

ಕ್ಷೇಮ ಸಮಾಚಾರವೆಲ್ಲ ಕೊನೆಗಿರಲಿ, ಮೊದಲು ಸುದ್ದಿ ಕೇಳು. ನಿಮ್ಮ ಪ್ರಿನ್ಸಿಪಾಲರು ನನಗೆ ಪತ್ರ ಬರೆದಿದ್ದಾರೆ. ಕಾಲೇಜಿನ ಪ್ರಾರ್ಥನಾ ಮಂದಿರ, ಅದೇ ನಮ್ಮ ಚಾಪೆಲ್, ಕಟ್ಟಿ ಮುಂದಿನ ವರ್ಷಕ್ಕೆ ನೂರೈವತ್ತು ತುಂಬುತ್ತದಂತೆ. ಅದರ ಕಟ್ಟಡದ ಇತಿಹಾಸವನ್ನು ನಾನು ಪುಸ್ತಕವಾಗಿ ಬರೆದುಕೊಡಬೇಕಂತೆ. ಪತ್ರ ಓದಿ ಮುಗಿಯುವ ಮೊದಲೇ ಮನಸ್ಸಿನಲ್ಲಿ ಒಪ್ಪಿಯಾಗಿತ್ತು. ಅಪ್ಪ ಕೆಲಸದಲ್ಲಿದ್ದಷ್ಟು ಕಾಲವೂ ಆ ಚಾಪೆಲ್ಲಿನ ಬಗ್ಗೆ ಪಾಠ ಹೇಳಿದರು, ಬರೆದದ್ದು ಮಾತ್ರ ಒಂದು ತೆಳ್ಳನೆಯ ಕಿರುಹೊತ್ತಗೆ. ಉಳಿದದ್ದನ್ನು ಅವರ ಮಗಳು ಬರೆಯುವುದು ನ್ಯಾಯವೇ ತಾನೆ?

ಇದಕ್ಕೆ ನಿನ್ನ ಸಹಾಯ ಬೇಕು. ನಾನಿರುವ ವಿಶ್ವವಿದ್ಯಾಲಯದಿಂದ ಅಲ್ಲಿಗೆ ಎರಡು ದಿನದ ಪ್ರಯಾಣ, ಪಾಠಗಳ ನಡುವೆ ಅದು ಆಗದ ಮಾತು. ನೀನಾದರೆ ಅದೇ ಕಾಲೇಜಿನಲ್ಲಿ ಕಟ್ಟಡದ ನಕ್ಷೆ ಬರೆಯುವುದನ್ನು ಕಲಿಸುತ್ತೀಯ, ಅಂಗಳ ದಾಟಿದರೆ ಚಾಪೆಲ್. ಉದ್ದಗೋಡೆಯಲ್ಲಿ ಕಂಬದಿಂದ ಕಂಬಕ್ಕೆ ಐದು ಅಂಕಣಗಳಿವೆಯಲ್ಲ, ಅವುಗಳ ಅಳತೆಯನ್ನು ಹೊಸದಾಗಿ ತೆಗೆದು ಕಳುಹಿಸು. ಅಪ್ಪನ ಬಟ್ಟೆ ಟೇಪಿನಲ್ಲೇ ಅಳೆ. ಅದೇ ಟೇಪು ಎಂದು ಪುಸ್ತಕದಲ್ಲಿ ಬರೆಯುವ ಆಸೆ ನನಗೆ.

ಉಂಗುರದ ವಿಷಯದಲ್ಲಿ ಮಾತ್ರ ಎಚ್ಚರ. ಟೇಪಿನ ತುದಿ ಹರಿದುಹೋದಾಗ ಅಪ್ಪ ಅದಕ್ಕೊಂದು ಬಟ್ಟೆ ಪಟ್ಟಿ ಸೇರಿಸಿ, ಪಟ್ಟಿಯ ಕೊನೆಗೆ ಹಿತ್ತಾಳೆ ಉಂಗುರ ಹೊಲಿದಿದ್ದರು. ಹಾಗಾಗಿ ಸೊನ್ನೆ ಇರುವುದು ಉಂಗುರದಲ್ಲಲ್ಲ, ನಾಲ್ಕು ಬೆರಳು ಒಳಗೆ, ಕೆಂಪು ದಾರದ ಹೊಲಿಗೆಯಲ್ಲಿ. ನೀನು ಒಂದು ರಜಾದಿನವೆಲ್ಲ ಉಂಗುರವನ್ನೇ ಗೋಡೆಗೆ ಒತ್ತಿ ಹಿಡಿದೆ, ಆ ಕಡೆ ನಾನು ಓದಿದ ಅಂಕಿಗಳೆಲ್ಲ ನಾಲ್ಕು ಬೆರಳು ಕಡಿಮೆ ಬಂದವು, ಅಪ್ಪ ಹಾಳೆಯನ್ನೇ ಹರಿದುಹಾಕಿದರು. "ನಮ್ಮ ಚಿಕ್ಕವಳು ಓದ್ತಾಳೆ, ದೊಡ್ಡವಳು ಉಂಗುರ ಹಿಡೀತಾಳೆ" ಎಂದು ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದರು. ನೆನೆಸಿಕೊಂಡರೆ ಈಗಲೂ ನಗು ಬರುತ್ತದೆ.

ನಾನು ಚೆನ್ನಾಗಿದ್ದೇನೆ. ಭಾವನಿಗೆ ನಮಸ್ಕಾರ ಹೇಳು.

ನಿನ್ನ ಪುಟ್ಟಿ


ಜನವರಿ 30

ಪುಟ್ಟಿ,

ಇಲ್ಲಿ ಎಲ್ಲರೂ ಕ್ಷೇಮ. ಅಪ್ಪನ ಮೊಣಕಾಲು ನೋವು ನಿನ್ನ ಪತ್ರ ಬಂದ ದಿನ ಎಲ್ಲಿಗೋ ಓಡಿಹೋಗಿತ್ತು. ಅದನ್ನು ಅಂಚೆಯವನಿಗೆ ಓದಿದರು, ಪಕ್ಕದ ಮನೆಯವರಿಗೆ ಓದಿದರು, ಕನ್ನಡಕ ರಿಪೇರಿಗೆ ಕೊಡಲು ಹೋದಾಗ ಆ ಅಂಗಡಿಯವನಿಗೆ ಬಾಯಿಪಾಠವಾಗಿ ಒಪ್ಪಿಸಿದರಂತೆ. ನಾನು ಅಡುಗೆಮನೆಯಲ್ಲಿದ್ದೆ. ನನಗೂ ಕೇಳಲಿ ಎಂದು ಗಟ್ಟಿಯಾಗಿಯೇ ಓದಿದರು.

"ಅವರ ಮಗಳು" ಎಂದು ಬರೆದಿದ್ದೀಯ. ಅವರಿಗೆ ಇಬ್ಬರು ಎಂದು ನಾನು ಇಷ್ಟು ದಿನ ತಿಳಿದುಕೊಂಡಿದ್ದೆ.

ಪ್ರಿನ್ಸಿಪಾಲರು ನನ್ನನ್ನೂ ಕರೆಸಿದ್ದರು. ಹೋಗುವಾಗ ಕಂಕುಳಲ್ಲಿ ಒಂದು ಕಾಗದದ ಸುರುಳಿ ಇತ್ತು. "ನಿಮ್ಮ ತಂಗಿಗೆ ಏನೇನು ಬೇಕೋ ಎಲ್ಲಾ ಮಾಡ್ಕೊಡಿ ಮೇಡಂ" ಎಂದರು. ಆಗಲಿ ಎಂದೆ. ಸುರುಳಿಯಲ್ಲಿ ಏನಿದೆ ಎಂದು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಮನೆಗೆ ಬಂದಾಗ ನಿನ್ನ ಭಾವ ನನ್ನ ಮುಖ ನೋಡಿ, "ಹೋದ ಪುಟ್ಟ ಬಂದ ಪುಟ್ಟ ಆಯ್ತಾ?" ಎಂದರು. ಅವರಿಗೆ ಅಂದು ಊಟ ತಡವಾಯಿತು.

ನೀನು ಕೇಳಿದ ಅಳತೆಗಳನ್ನು ಇದರ ಜೊತೆ ಇಟ್ಟಿದ್ದೇನೆ. ಅಪ್ಪನ ಟೇಪಿನಲ್ಲೇ ತೆಗೆದದ್ದು. ಪ್ರತಿಯೊಂದನ್ನೂ ಎರಡೆರಡು ಸಲ ಅಳೆದಿದ್ದೇನೆ.

ಅಕ್ಕ


ಫೆಬ್ರವರಿ 21

ಅಕ್ಕಾ,

ಅಳತೆಗಳು ತಲುಪಿದವು. ನಿನ್ನ ಕೈಬರಹ ನೋಡಿದರೆ ಅಚ್ಚು ಹಾಕಿದ ಹಾಗಿದೆ, ನನ್ನ ವಿದ್ಯಾರ್ಥಿಗಳಿಗೆ ತೋರಿಸಿ ಹೊಟ್ಟೆ ಉರಿಸಿದೆ.

ಒಂದು ವಿಷಯಕ್ಕೆ ಬಿದ್ದು ಬಿದ್ದು ನಕ್ಕೆ, ಬೇಸರ ಮಾಡಿಕೊಳ್ಳಬೇಡ. ಬಾಗಿಲ ಕಡೆಯ ಮೂರು ಅಂಕಣಗಳು ಒಂದೇ ಅಳತೆ ಬಂದಿವೆ. ಪೂಜಾವೇದಿಕೆಯ ಕಡೆಯ ಎರಡು ಮಾತ್ರ ನಾಲ್ಕು ಬೆರಳು ಕಡಿಮೆ. ಸರಿಯಾಗಿ ನಾಲ್ಕೇ ಬೆರಳು, ಅಕ್ಕಾ. ಅಲ್ಲಿ ದೊಡ್ಡ ವಾದ್ಯದ ಪೆಟ್ಟಿಗೆ ಅಡ್ಡ ಇದೆಯಲ್ಲ, ಅದರ ಹಿಂದೆ ಬಗ್ಗಿದವಳು ದಾರ ಕಾಣದೆ ಉಂಗುರವನ್ನೇ ಒತ್ತಿ ಹಿಡಿದಿದ್ದೀಯ. ಉಂಗುರ ಹಿಡಿದು ಎರಡು ಸಲ ಅಳೆದರೆ ತಪ್ಪೂ ಎರಡು ಸಲ ಬರುತ್ತದೆ ಅಷ್ಟೆ. ಹುಟ್ಟುಗುಣ ಸುಟ್ಟರೂ ಹೋಗದು.

ಚಿಂತೆಯಿಲ್ಲ, ನಾನೇ ತಿದ್ದಿಕೊಂಡೆ. ಈಗ ಐದೂ ಅಂಕಣ ಒಂದೇ ಸಮ. ಅಪ್ಪನ ಕಿರುಹೊತ್ತಗೆಯ ಮೊದಲ ವಾಕ್ಯವೇ ಅದಲ್ಲವೆ: "ಈ ಚಾಪೆಲ್ ಒಂದೇ ಕಾಲದಲ್ಲಿ ಒಂದೇ ಕೈ ಕಟ್ಟಿದ ಕಟ್ಟಡ." ನನ್ನ ಪುಸ್ತಕವೂ ಆ ವಾಕ್ಯದಿಂದಲೇ ಶುರುವಾಗುತ್ತದೆ. ಇದನ್ನು ಅಪ್ಪನಿಗೆ ಓದಿ ಹೇಳು.

ಪುಟ್ಟಿ


ಮಾರ್ಚ್ 6

ಪುಟ್ಟಿ,

ನಿನ್ನ ಪತ್ರ ಬಂತು. ಅಪ್ಪ ಓದಿಕೊಂಡರು, ನಾನು ಓದಿ ಹೇಳುವ ಅಗತ್ಯ ಬೀಳಲಿಲ್ಲ.

ತಿದ್ದಿದ್ದೀಯಲ್ಲ, ಸರಿ. ಪುಸ್ತಕ ನಿನ್ನದು.

ಚಾಪೆಲ್ಲಿನ ಸೂರು ಸೋರುತ್ತಿತ್ತೆಂದು ರಿಪೇರಿ ಹಿಡಿದಿದ್ದಾರೆ. ಒಳಗೆಲ್ಲ ಸಾರುವೆ ಕಟ್ಟಿ, ತೇವ ಹಿಡಿದ ಗಾರೆಯನ್ನು ಕೆರೆದು ತೆಗೆಯುತ್ತಿದ್ದಾರೆ. ನೋಡುವಂಥದ್ದು ಏನೂ ಇಲ್ಲ. ಪರೀಕ್ಷೆಯ ಕೆಲಸ ತಲೆಯ ಮೇಲಿದೆ, ಇನ್ನು ಸ್ವಲ್ಪ ದಿನ ಪತ್ರ ಬರೆಯಲಾಗುವುದಿಲ್ಲ.

ಅಕ್ಕ


ಏಪ್ರಿಲ್ 18

ಅಕ್ಕಾ,

ನಿನ್ನ ಪತ್ರ ಬರದೆ ತಿಂಗಳು ದಾಟಿತು. ಅಪ್ಪನಿಗೆ ಹುಷಾರಿಲ್ಲವೆ? ಇದ್ದರೆ ಮುಚ್ಚಿಡಬೇಡ. ನನ್ನ ಬರವಣಿಗೆ ಕೆಡುತ್ತದೆಂದು ನೀನು ಮುಚ್ಚಿಡುವವಳೇ, ಅಮ್ಮ ಹಾಸಿಗೆ ಹಿಡಿದಾಗಲೂ ಹಾಗೆಯೇ ಮಾಡಿದ್ದೆ.

ಮೂರು ಅಧ್ಯಾಯ ಮುಗಿದವು. ಪ್ರವಚನ ಪೀಠದ ಹತ್ತಿರ ಬಂದು ನಿಂತಿದ್ದೇನೆ. ಗೋಡೆಯಿಂದ ಹೊರಗೆ ಚಾಚಿಕೊಂಡ ಆ ಪುಟ್ಟ ಕಲ್ಲಿನ ಪೀಠ, ಅದಕ್ಕೆ ಹತ್ತಲು ಗೋಡೆಯ ದಪ್ಪದೊಳಗೇ ಕೊರೆದ ಮೆಟ್ಟಿಲು, ಚಿಕ್ಕವಳಿದ್ದಾಗ ನಾನು ಅಲ್ಲಿ ಹತ್ತಿ ನಿಂತು ನಿನ್ನ ಮೇಲೆ ಕಾಗದದ ಉಂಡೆ ಎಸೆಯುತ್ತಿದ್ದೆ. ಅದು ಎರಡನೆಯ ಅಂಕಣದಲ್ಲಿ ಏಕಿದೆ? ಎಲ್ಲ ಕಡೆಯೂ ಪೀಠ ವೇದಿಕೆಯ ಪಕ್ಕದಲ್ಲಿರುತ್ತದೆ, ಇಲ್ಲಿ ಅತ್ತ ವೇದಿಕೆಯ ಹತ್ತಿರವೂ ಅಲ್ಲ, ಇತ್ತ ನಡುವೆಯೂ ಅಲ್ಲ. ಹಿಂದೆ ಕೂತವರಿಗೂ ಮಾತು ಕೇಳಲೆಂದು ಹಾಗೆ ಮಾಡಿದರು ಎನ್ನುತ್ತಾರೆ ಅಪ್ಪ. ನಾನೂ ಹಾಗೆಯೇ ಬರೆದಿದ್ದೇನೆ, ಆದರೂ ಯಾಕೋ ಬಾಯಲ್ಲಿ ಕಲ್ಲು ಸಿಕ್ಕ ಹಾಗಾಗುತ್ತದೆ. ನಿನಗೇನಾದರೂ ಹೊಳೆದರೆ ಹೇಳು.

ಒಂದು ಸಾಲಾದರೂ ಬರಿ.

ಪುಟ್ಟಿ


ಮೇ 25

ಅಕ್ಕಾ,

ನೀನು ಬರೆಯಲಿಲ್ಲ, ಆದರೆ ಅಪ್ಪನ ಕಾರ್ಡು ಬಂತು. ಅವರು ಗಟ್ಟಿಮುಟ್ಟಾಗಿದ್ದಾರೆಂದು ತಿಳಿದು ಜೀವ ಬಂತು. ಹಾಗಾದರೆ ನಿನಗೇನಾಗಿದೆ? ಭಾವನ ಜೊತೆ ಜಗಳವೆ? ಕೆಲಸದ ಭಾರವೆ? ನನಗೆ ಗೊತ್ತಾಗುತ್ತಿಲ್ಲ.

ಪುಸ್ತಕದ ಪ್ರೂಫ್ ಇದರ ಜೊತೆ ಕಳುಹಿಸುತ್ತಿದ್ದೇನೆ. ಅಪ್ಪನೂ ನೀನೂ ನೋಡಿ ಬೇಗ ವಾಪಸು ಮಾಡಿ, ಅಚ್ಚಿನ ಮನೆಯವರು ಕಾಯುತ್ತಿದ್ದಾರೆ. ನಡುವಿನ ಹಾಳೆಯಲ್ಲಿ ನಿನಗೊಂದು ಉಡುಗೊರೆ ಇದೆ. ಚಾಪೆಲ್ಲಿನ ನಕ್ಷೆಯ ಕೆಳಗೆ, ಅಳತೆ ತೆಗೆದವರು ಎಂದು ನಿನ್ನ ಹೆಸರು ಹಾಕಿಸಿದ್ದೇನೆ. ಯಾರೂ ಹೇಳದೆ ನಾನೇ ಹಾಕಿಸಿದ್ದು. ಈಗಲಾದರೂ ನಗು.

ಪುಟ್ಟಿ


ಜೂನ್ 8

ಪುಟ್ಟಿ,

ಅಚ್ಚು ನಿಲ್ಲಿಸು. ಜೊತೆಗಿಟ್ಟ ನಕ್ಷೆಯನ್ನು ಬಿಚ್ಚಿ ನೋಡಿ, ಆಮೇಲೆ ಮುಂದೆ ಓದು.

ನಾನು ಉಂಗುರ ಹಿಡಿದಿರಲಿಲ್ಲ. ತುದಿ ಹಿಡಿಯಲು ನನಗೆ ಯಾರೂ ಇರಲಿಲ್ಲವಾದ್ದರಿಂದ, ಕೆಂಪು ದಾರಕ್ಕೆ ಗುಂಡುಸೂಜಿ ಚುಚ್ಚಿ ಗಾರೆಯ ಸಂದಿಗೆ ಸಿಕ್ಕಿಸಿ ಅಳೆದಿದ್ದೆ. ನಿನ್ನ ಪತ್ರ ಬಂದ ಮೇಲೆ ಕಾಲೇಜಿನ ಉಕ್ಕಿನ ಟೇಪು ತಂದು ಇನ್ನೊಮ್ಮೆ ಅಳೆದೆ. ಕೊನೆಯ ಎರಡು ಅಂಕಣಗಳು ನಿಜವಾಗಿಯೂ ನಾಲ್ಕು ಬೆರಳು ಚಿಕ್ಕವು. ಅವನ್ನು ಕಟ್ಟಿದ ಕಾಲ ಬೇರೆ, ಕಟ್ಟಿದ ಕೈ ಬೇರೆ.

ಗಾರೆ ಕೆರೆದಾಗ, ಮೂರನೆಯ ಅಂಕಣ ಮುಗಿಯುವ ಕಡೆ, ಎರಡೂ ಉದ್ದಗೋಡೆಗಳಲ್ಲಿ, ನೆಲದಿಂದ ಸೂರಿನವರೆಗೆ ನೆಟ್ಟಗೆ ಒಂದು ಸೀಳು ಕಾಣಿಸಿತು. ಅದರ ಈಚೆಗಿನ ಕಲ್ಲಿನ ಸಾಲುಗಳಿಗೂ ಆಚೆಗಿನ ಸಾಲುಗಳಿಗೂ ಹೊಂದಿಕೆಯೇ ಇಲ್ಲ. ಎಂದರೆ ಮೊದಲ ಮೂರು ಅಂಕಣಗಳೇ ಒಂದು ಪೂರ್ತಿ ಕಟ್ಟಡ, ಉಳಿದೆರಡನ್ನು ಆಮೇಲೆ ಅಂಟಿಸಿದ್ದಾರೆ. ಪೀಠದ ಎದುರು ಗೋಡೆಯಲ್ಲಿ ಸೊಂಟದೆತ್ತರಕ್ಕೆ ಮುಚ್ಚಿಹಾಕಿದ ಒಂದು ಕಿಂಡಿಯೂ ಸಿಕ್ಕಿತು. ಅದರ ಅಡಿಗಲ್ಲು ತಟ್ಟೆಗಳನ್ನು ಎಳೆದು ಎಳೆದು ನಡುವೆ ತಗ್ಗಾಗಿದೆ. ಕಿಂಡಿಯ ಆಚೆ, ಹಾಡುವವರ ನಿಲುವಂಗಿಗಳನ್ನು ತೂಗುಹಾಕುವ ಕೋಣೆಯಲ್ಲಿ, ಗೋಡೆಯೊಳಗೆ ಹೊಗೆ ಹೋಗುವ ಗೂಡು ಇದೆ. ಕೈಯಿಟ್ಟರೆ ಇವತ್ತಿಗೂ ಮಸಿ ಹತ್ತುತ್ತದೆ. ಅದು ಅಡುಗೆಮನೆ, ಪುಟ್ಟಿ. ನಮ್ಮ ಚಾಪೆಲ್ ಹುಟ್ಟಿದ್ದು ವಿದ್ಯಾರ್ಥಿಗಳ ಊಟದ ಮನೆಯಾಗಿ. ಉಣ್ಣುವ ಹೊತ್ತಿನಲ್ಲಿ ಒಬ್ಬ ಆ ಪೀಠ ಹತ್ತಿ ಗಟ್ಟಿಯಾಗಿ ಓದಬೇಕು, ಉಳಿದವರು ಬಾಯಿ ಮುಚ್ಚಿಕೊಂಡು ಉಣ್ಣಬೇಕು, ಹಾಗೆ ಮಾಡಿದ್ದು ಅದು. ಐದು ಅಂಕಣಗಳಲ್ಲಿ ಪೀಠ ನಡುವೆ ಬರುವುದಿಲ್ಲ, ಮೂರರಲ್ಲಿ ನಟ್ಟನಡುವೆ ಬರುತ್ತದೆ. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ?

ಇದೆಲ್ಲ ನನಗೆ ಮಾರ್ಚಿನಲ್ಲೇ ಗೊತ್ತಿತ್ತು. ನೋಡುವಂಥದ್ದು ಏನೂ ಇಲ್ಲ ಎಂದು ನಿನಗೆ ಬರೆದಾಗ ನನ್ನ ಉಗುರುಗಳಲ್ಲಿ ಆ ಗೋಡೆಯ ಗಾರೆ ಇನ್ನೂ ಇತ್ತು. ಏಕೆ ಬಚ್ಚಿಟ್ಟೆ ಎಂದರೆ ಹೊಟ್ಟೆಕಿಚ್ಚಿಗೆ. ಅದಕ್ಕೆ ಬೇರೆ ಹೆಸರು ಕೊಡುವುದಿಲ್ಲ. ಪ್ರಿನ್ಸಿಪಾಲರ ಕೋಣೆಗೆ ಒಯ್ದ ಸುರುಳಿಯಲ್ಲಿ ಚಾಪೆಲ್ಲಿನ ನಕ್ಷೆಗಳಿದ್ದವು, ರಜೆಗಳಲ್ಲೆಲ್ಲ ಕೂತು ನಾನು ಬರೆದವು. ಪುಸ್ತಕ ನನಗೇ ಕೊಡುತ್ತಾರೆಂದು ಒಳ್ಳೆಯ ಬಟ್ಟೆ ಹಾಕಿಕೊಂಡು ಹೋಗಿದ್ದೆ. ಹಿತ್ತಲ ಗಿಡ ಮದ್ದಲ್ಲ ಎಂಬುದು ಅವರ ಮೇಜಿನ ಮುಂದೆ ನಿಂತಾಗ ತಿಳಿಯಿತು. ಅದರ ಮೇಲೆ ನಿನ್ನ ಉಂಗುರದ ನಗು. ನೀನು ಕೇಳಬಹುದಿತ್ತು. ಎಲ್ಲಿ ಹಿಡಿದೆ ಅಕ್ಕಾ ಎಂದು ಒಂದು ಮಾತು. ಕೇಳದೆ ತಿದ್ದಿದೆ. ಸರಿ, ಇವಳ ಪುಸ್ತಕ ಹೊರಬರಲಿ, ಸಭೆಯಲ್ಲಿ ಚಪ್ಪಾಳೆ ಬೀಳಲಿ, ಆಮೇಲೆ ನನ್ನ ಲೇಖನ ಬರಲಿ, ಉಂಗುರ ಹಿಡಿದವರು ಯಾರೆಂದು ಹತ್ತು ಜನಕ್ಕೆ ತಿಳಿಯಲಿ ಎಂದುಕೊಂಡೆ. ಲೇಖನ ಬರೆದೂ ಇಟ್ಟೆ.

ಅಪ್ಪನೊಬ್ಬರಿಗೆ ಹೋದ ತಿಂಗಳು ತೋರಿಸಿದೆ. ಅವರ ವಾಕ್ಯ ಸುಳ್ಳಾಗುತ್ತದಲ್ಲ, ಏನಾಗಿಬಿಡುತ್ತಾರೋ ಎಂದು ನನಗೆ ಭಯವಿತ್ತು. ಸೀಳಿನೊಳಗೆ ಬೆರಳು ಆಡಿಸಿ ನೋಡಿದರು, ಕಿಂಡಿಯ ಕಲ್ಲು ಸವರಿದರು, ಬೆಂಚಿನ ಮೇಲೆ ಕೂತರು. ಆಮೇಲೆ ನಕ್ಕರು. "ಊಟದ ಮನೆನಾ? ಅದಕ್ಕೇ ಇಲ್ಲಿ ಬಂದಾಗೆಲ್ಲ ನಂಗೆ ಹಸಿವಾಗ್ತಿತ್ತು" ಎಂದರು. ನನಗೂ ನಗು ಬಂತು. ಈಗ ನನ್ನ ಬೆನ್ನು ತಟ್ಟುತ್ತಾರೆ ಎಂದು ನಿಂತೇ ಇದ್ದೆ. ಅವರು ಕೋಲು ಊರಿಕೊಂಡು ಎದ್ದು, "ಬೇಗ ಚಿಕ್ಕವಳಿಗೆ ಬರಿ. ಅವಳು ಇದನ್ನ ಚೆನ್ನಾಗಿ ಬರೀತಾಳೆ" ಎಂದರು.

ಅಂದು ಬರೆಯಬೇಕಾಗಿದ್ದ ಪತ್ರ ಇಂದು ಬರೆಯುತ್ತಿದ್ದೇನೆ. ನಿನ್ನ ಮೇಲಿನ ಪ್ರೀತಿ ಉಕ್ಕಿ ಬಂದು ಬರೆಯುತ್ತಿಲ್ಲ. ನಿನ್ನ ಉಡುಗೊರೆ ನೋಡಿದೆ. ನಾನು ಓದದ ಅಂಕಿಯ ಕೆಳಗೆ ನನ್ನ ಹೆಸರು ಹಾಕಿಸಿದ್ದೀಯ. ಹೆಸರು ಕಿತ್ತುಹಾಕು, ಇಲ್ಲವೆ ಅಂಕಿ ಸರಿಮಾಡು.

ಅಕ್ಕ


ಜೂನ್ 27

ಅಕ್ಕಾ,

ಅಚ್ಚು ನಿಲ್ಲಿಸಿದೆ. ಪ್ರಿನ್ಸಿಪಾಲರಿಗೂ ಬರೆದೆ.

ನಿನ್ನ ಪತ್ರ ಓದಿ ಮೊದಲು ಸಿಟ್ಟು ಬಂತು. ಮೂರು ತಿಂಗಳು ನನ್ನನ್ನು ಹಳ್ಳಕ್ಕೆ ನಡೆಯಲು ಬಿಟ್ಟು ದಡದಲ್ಲಿ ಕೂತು ನೋಡಿದೆ. ನಾನು ಅಪ್ಪನಿಗೆ ಕಾಯಿಲೆಯೆಂದು, ನಿನಗೆ ಕಷ್ಟವೆಂದು ಇಲ್ಲಿ ಒದ್ದಾಡುತ್ತಿದ್ದೆ. ಎರಡು ದಿನ ನಿನಗೆ ಬೈಯುವ ಪತ್ರಗಳನ್ನು ಬರೆದು ಹರಿದೆ. ಮೂರನೆಯ ದಿನ ನಿನ್ನ ನಕ್ಷೆಯನ್ನು ಮೇಜಿನ ಮೇಲೆ ಹರಡಿದೆ. ಸೀಳಿನ ಎರಡೂ ಕಡೆಯ ಒಂದೊಂದು ಕಲ್ಲನ್ನೂ ಬಿಡಿಸಿದ್ದೀಯ. ಇಂಥ ಒಂದು ಗೆರೆ ಎಳೆಯಲು ನನಗೆ ಈ ಜನ್ಮದಲ್ಲಿ ಬರುವುದಿಲ್ಲ. ಅದನ್ನು ನೋಡುತ್ತ ಕೂತಾಗ ಸಿಟ್ಟು ಇಳಿದು ಹಳೆಯ ಹೊಟ್ಟೆಯುರಿ ಎದ್ದಿತು.

ಅದು ನಿನ್ನೊಬ್ಬಳ ಸ್ವತ್ತು ಎಂದುಕೊಂಡಿದ್ದೀಯಾ? ಅಪ್ಪ ನನಗೆ ಬರೆಯುವ ಪತ್ರಗಳನ್ನು ನೀನು ಓದಿಲ್ಲ. ದೊಡ್ಡವಳು ಹೀಗೆ ಹೇಳಿದಳು, ದೊಡ್ಡವಳ ಗೆರೆ ಕೂದಲೆಳೆಯಷ್ಟು ಸಣ್ಣ, ದೊಡ್ಡವಳು ಪಕ್ಕದಲ್ಲಿದ್ದರೆ ನನಗೆ ಕೋಲು ಬೇಡ, ಇದೇ ಅವರ ಮಾತು. ನಾನು ಪುಸ್ತಕ ಬರೆದರೆ ಮಾತ್ರ ಅವರಿಗೆ ನೆನಪಾಗುತ್ತೇನೆ. ನೀನು ಸಾರು ಕಲಕುತ್ತಿದ್ದರೂ ಕಣ್ಣ ಮುಂದೆ ಇರುತ್ತೀಯ. ನಿನ್ನ ಮುಂದೆ ನನ್ನ ಹೊಗಳಿಕೆ, ನನ್ನ ಮುಂದೆ ನಿನ್ನ ಹೊಗಳಿಕೆ, ಹೀಗೆ ಆ ಮನುಷ್ಯ ಇಬ್ಬರನ್ನೂ ಒಣಗಿಸಿಟ್ಟಿದ್ದಾರೆ. ಪ್ರೂಫಿನ ಬಗ್ಗೆ ಅವರು ನನಗೆ ಬರೆದದ್ದು ಒಂದೇ ಸಾಲು: ಇಸವಿಗಳನ್ನು ಇನ್ನೊಮ್ಮೆ ನೋಡು. ನಿನ್ನ ಸೀಳಿನ ಬಗ್ಗೆ ಮೊನ್ನೆ ಬಂದದ್ದು ಒಂದೂವರೆ ಪುಟ.

ಇನ್ನೊಂದು ಮಾತಿದೆ, ಬರೆಯಲು ಕಷ್ಟವಾಗುತ್ತಿದೆ. ಫೆಬ್ರವರಿಯಲ್ಲಿ ನಿನ್ನ ಅಂಕಿ ನಾಲ್ಕು ಬೆರಳು ಕಡಿಮೆ ಕಂಡಾಗ ನನಗೆ ಖುಷಿಯಾಯಿತು. ಗೋಡೆಗಳ ವಿಷಯ ಕಲಿಸಿ ಬದುಕುವವಳು ನಾನು. ಬೇರೆ ಯಾರೇ ಆ ಅಂಕಿ ಕಳುಹಿಸಿದ್ದರೂ, ಗೋಡೆಯಲ್ಲೇ ಏನೋ ಇದೆ ಎಂದು ಮೊದಲು ಯೋಚಿಸುತ್ತಿದ್ದೆ. ನೀನು ಕಳುಹಿಸಿದ್ದಕ್ಕೆ ಉಂಗುರ ನೆನಪಾಯಿತು. ನೀನು ತಪ್ಪಿರಲಿ ಎಂದು ನನಗೆ ಬೇಕಾಗಿತ್ತು, ಅಕ್ಕಾ.

ಜುಲೈಯಲ್ಲಿ ರಜೆ ಹಾಕಿ ಬರುತ್ತೇನೆ. ಊಟದ ಮನೆಯ ಅಧ್ಯಾಯ ನೀನು ಬರಿ. ಅಳತೆಯನ್ನೆಲ್ಲ ಮೊದಲಿನಿಂದ ತೆಗೆಯೋಣ. ಈ ಸಲ ತುದಿ ನಾನು ಹಿಡಿಯುತ್ತೇನೆ, ನೀನು ಓದು.

ಪುಟ್ಟಿ


ಆಗಸ್ಟ್ 3

ಪುಟ್ಟಿ,

ನೀನು ಸುಖವಾಗಿ ತಲುಪಿದ ಕಾರ್ಡು ಬಂತು. ಬಿಟ್ಟುಹೋದ ಕೊಡೆಯನ್ನು ನಿನ್ನ ಭಾವ ಬಳಸುತ್ತಿದ್ದಾರೆ, ಇನ್ನು ಅದರ ಆಸೆ ಬಿಡು.

ನೀನು ಹೋದ ಮರುವಾರ ಸಾರುವೆ ಬಿಚ್ಚಿದರು. ಸೀಳನ್ನು ಮುಚ್ಚದೆ ಬಿಡಲು ಪ್ರಿನ್ಸಿಪಾಲರು ಒಪ್ಪಿದರು, ಕಿಂಡಿಗೆ ಮಾತ್ರ ಒಪ್ಪಲಿಲ್ಲ. ಪ್ರಾರ್ಥನೆಯ ಹೊತ್ತಿನಲ್ಲಿ ಅಡುಗೆಮನೆ ಕಿಂಡಿ ಎದುರಿಗಿದ್ದರೆ ಹುಡುಗರ ಗಮನ ಎಲ್ಲಿರುತ್ತದೆ ಎಂದು ಕೇಳಿದರು. ಗಾರೆ ಬಳಿದು ಸುಣ್ಣ ಹೊಡೆದಾಯಿತು, ಈಗ ಕಿಂಡಿ ಎಲ್ಲಿತ್ತೆಂದು ಹುಡುಕಿದರೂ ಸಿಗುವುದಿಲ್ಲ.

ಮುಖಪುಟದಲ್ಲಿ ಯಾರ ಹೆಸರು ಮೊದಲು ಎಂದು ಅಷ್ಟು ಜಗಳವಾಡಿದೆವಲ್ಲ, ಯೋಚಿಸಿ ನೋಡಿದೆ. ನಿನ್ನದೇ ಮೊದಲಿರಲಿ ಅಕ್ಕಾ ಎಂದು ಹೊರಡುವಾಗ ನೀನು ಒಂದೇ ಸಲ ಹೇಳಿದೆ. ಎರಡು ಸಲ ಹೇಳಿದ್ದರೆ ಬೇಡ ಎನ್ನುತ್ತಿದ್ದೆ. ಹಾಗಾಗಿ ನನ್ನದೇ ಮೊದಲಿರುತ್ತದೆ. ಅಪ್ಪ ಈಗ ಬಂದವರಿಗೆಲ್ಲ, ದೊಡ್ಡವಳು ಓದುತ್ತಾಳೆ, ಚಿಕ್ಕವಳು ತುದಿ ಹಿಡಿಯುತ್ತಾಳೆ ಎಂದು ಹೇಳಲು ಶುರುಮಾಡಿದ್ದಾರೆ. ಕೇಳಿ ಮೊದಲ ದಿನ ಹಿತವಾಯಿತು. ಆಮೇಲೆ ಅದೂ ರೇಜಿಗೆಯಾಯಿತು.

ಈಗ ಕೆಲಸದ ಮಾತು. ಕಿಂಡಿ ಇರುವ ಗೋಡೆಯ ನಕ್ಷೆ ಬರೆಯುತ್ತಿದ್ದೇನೆ. ಭಾಗಗಳನ್ನೆಲ್ಲ ಕೂಡಿದರೆ ಇಡೀ ಗೋಡೆಗೆ ಸಾಲುತ್ತಿಲ್ಲ, ನಾಲ್ಕು ಬೆರಳು ಕಡಿಮೆ ಬೀಳುತ್ತದೆ. ತಪ್ಪಿರುವುದು ಕಿಂಡಿಯಿಂದ ಸೀಳಿನವರೆಗಿನ ಅಳತೆಯಲ್ಲಿ ಇರಬೇಕು. ಅಲ್ಲಿ ತುದಿ ಹಿಡಿದವಳು ನೀನು, ಓದಿದವಳು ನಾನು. ನಾನು ತಪ್ಪಾಗಿ ಓದಿರಲೂಬಹುದು, ಗೋಡೆಯಲ್ಲೇ ಇನ್ನೇನೋ ಇರಲೂಬಹುದು. ಕಿಂಡಿ ಮುಚ್ಚಿದ್ದರಿಂದ ಮತ್ತೆ ಅಳೆದು ನೋಡುವಂತಿಲ್ಲ.

ತಿದ್ದಿಲ್ಲ. ಆ ಜಾಗವನ್ನು ಖಾಲಿ ಬಿಟ್ಟು ನಿನ್ನನ್ನು ಕೇಳುತ್ತಿದ್ದೇನೆ. ಎಲ್ಲಿ ಹಿಡಿದಿದ್ದೆ, ಪುಟ್ಟಿ? ದಾರವೋ, ಉಂಗುರವೋ?

ಅಕ್ಕ


ಆಗಸ್ಟ್ 14

ಅಕ್ಕಾ,

ಉಂಗುರ.

ಅಪ್ಪನಿಗೆ ಹೇಳಬೇಡ.

ಪುಟ್ಟಿ